ಠಾಣೆಯ ಒತ್ತಡ: ಸಿಬ್ಬಂದಿ ಬಲ ಹೆಚ್ಚಾಗದೆ ಒಬ್ಬ ಇನ್‌ಸ್ಪೆಕ್ಟರ್ ಏನು ಬದಲಾಯಿಸಬಹುದು?

ಡ್ಯೂಟಿ_ಪಟ್ಟಿ
ಪೊಲೀಸರ ಒತ್ತಡ ಅಂದ ಕೂಡಲೇ ಯೋಗ ಶಿಬಿರ, ಧ್ಯಾನ, ಒಂದು ಉಪನ್ಯಾಸ, ಫೋಟೊ. ಅಲ್ಲಿಗೆ ವಿಷಯ ಮುಗಿಯಿತು. ಯೋಗ ಬೇಡ ಅಂತಲ್ಲ, ಆದರೆ ಮರುದಿನ ಅದೇ ಸಿಬ್ಬಂದಿ ನೈಟ್ ಮುಗಿಸಿ ಬೆಳಗ್ಗೆ ಎಂಟಕ್ಕೆ ಬಂದೋಬಸ್ತಿಗೆ ನಿಂತರೆ ಆ ಶಿಬಿರದಿಂದ ಏನು ಬಂತು?

ಕೇಳುವುದಿಷ್ಟು. ನಗರದ ಒಂದು ಮಧ್ಯಮ ಗಾತ್ರದ ಲಾ ಅಂಡ್ ಆರ್ಡರ್ ಠಾಣೆ ಅಂತಿಟ್ಟುಕೊಳ್ಳಿ. ಹೆಡ್ ಕಾನ್‌ಸ್ಟೆಬಲ್ (ಹೆಚ್‌ಸಿ), ಕಾನ್‌ಸ್ಟೆಬಲ್ (ಪಿಸಿ) ಸೇರಿ 50 ಜನ. ಹೊಸ ಇನ್‌ಸ್ಪೆಕ್ಟರ್ (ಪಿಐ) ಚಾರ್ಜ್ ತಗೊಂಡಿದ್ದಾರೆ. ಹೊಸ ನೇಮಕಾತಿ ಇಲ್ಲ, ಹೊಸ ಹಣ ಇಲ್ಲ. ಅವರ ಕೈಯಲ್ಲೇ ಇರುವ ಅಧಿಕಾರದಲ್ಲಿ ಏನೇನು ಮಾಡಿದರೆ ಸಿಬ್ಬಂದಿಯ ಮೇಲಿನ ಹೊರೆ ನಿಜವಾಗಿ ಇಳಿಯುತ್ತದೆ? "ಸರ್ಕಾರ ನೇಮಕ ಮಾಡಬೇಕು" ಅನ್ನುವುದು ಎಲ್ಲರಿಗೂ ಗೊತ್ತು, ಅದನ್ನು ಬಿಟ್ಟು ಹೇಳಿ.

ರೋಸ್ಟರ್ ರಂಗಪ್ಪ
ಮೊದಲು ಲೆಕ್ಕ ಹಾಕಬೇಕು ಸರ್. ಎಷ್ಟೋ ಠಾಣೆಗಳಲ್ಲಿ ಇದನ್ನು ಯಾರೂ ಕಾಗದದ ಮೇಲೆ ಬರೆದಿರುವುದಿಲ್ಲ.

24 ಗಂಟೆಯೂ ಒಬ್ಬರು ಇರಲೇಬೇಕಾದ ಒಂದು ಪಾಯಿಂಟ್‌ಗೆ ವರ್ಷಕ್ಕೆ 365 × 3 = 1095 ಪಾಳಿ ಬೇಕು. ಒಬ್ಬ ಸಿಬ್ಬಂದಿ ವರ್ಷಕ್ಕೆ ಎಷ್ಟು ಪಾಳಿ ಕೊಡಬಲ್ಲ? 365ರಲ್ಲಿ 52 ವಾರದ ರಜೆ ತೆಗೆದರೆ 313. ಗಳಿಕೆ ರಜೆ (ಇಎಲ್), ಸಾಂದರ್ಭಿಕ ರಜೆ (ಸಿಎಲ್), ತರಬೇತಿ, ಅನಾರೋಗ್ಯ ಎಲ್ಲ ಸೇರಿ 53 ದಿನ ಹಿಡಿದರೆ ಉಳಿಯುವುದು 260. ಅಂದರೆ ಒಂದು ಪಾಯಿಂಟ್‌ಗೆ 4.2 ಜನ. ಮೂರು ಪಾಳಿಗೆ ಮೂವರು ಸಾಕು ಅಂತ ಪಟ್ಟಿ ಹಾಕುವುದೇ ಮೊದಲ ತಪ್ಪು.

ಈಗ ನಿಮ್ಮ ಠಾಣೆ. ಕಾವಲಿನ ಸೆಂಟ್ರಿ 1, ದೂರು ತಗೊಳ್ಳುವ ಎಸ್‌ಎಚ್‌ಓ ಟೇಬಲ್ 1, ವೈರ್‌ಲೆಸ್ ಮತ್ತು ಕಂಪ್ಯೂಟರ್ 1, ಗಸ್ತು ವಾಹನ 2. ಒಟ್ಟು ಐದು ಪಾಯಿಂಟ್, 21 ಜನ ಅಲ್ಲೇ ಹೋದರು. ಉಳಿದ 29ರಲ್ಲಿ ಠಾಣೆಯ ಬರವಣಿಗೆ ನೋಡುವ ರೈಟರ್ ಮತ್ತು ಸಹಾಯಕರು 3, ಕೋರ್ಟ್ 2, ಸಮನ್ಸ್-ವಾರಂಟ್ 3, ಪಾಸ್‌ಪೋರ್ಟ್ ಪರಿಶೀಲನೆ 1, ಕ್ರೈಂ ಟೀಮ್ 5, ಮುದ್ದೆಮಾಲು (ಜಪ್ತಿ ವಸ್ತು) 1, ಜೀಪ್ ಚಾಲಕ 1. ಹದಿನಾರು. ಉಳಿದವರು 13. ಅವರಿಗೂ ರಜೆ ಇದೆಯಲ್ಲ? ಯಾವುದೇ ಒಂದು ದಿನ ಬೀಟ್‌ಗೆ, ಬಂದೋಬಸ್ತಿಗೆ ಕೈಗೆ ಸಿಗುವವರು 9.

ಮೇಲಿನಿಂದ "15 ಜನ ಕಳಿಸಿ" ಅಂತ ಬಂದಾಗ ಏನಾಗುತ್ತದೆ? ವಾರದ ರಜೆ ಕಟ್, ನೈಟ್ ಇಳಿದವರು ವಾಪಸ್. ಪಿಐ ಕೆಟ್ಟವರು ಅಂತ ಹೀಗಾಗುವುದಲ್ಲ. ಲೆಕ್ಕ ಇಲ್ಲದ್ದರಿಂದ ಆಗುವುದು. ಈ ಒಂದು ಹಾಳೆಯನ್ನು ಬರೆದು ಎಸಿಪಿ ಮುಂದೆ ಇಡುವುದು ಮೊದಲ ಕೆಲಸ.

ಮಲೆನಾಡ ಮಂಜು
ಓಓಡಿ, ಅಂದ್ರೆ ಬೇರೆ ಕಡೆ ಡ್ಯೂಟಿಗೆ ಹೋದವರ ಲೆಕ್ಕ ಎಲ್ಲಿ ಹೋಯ್ತು?

ರೋಸ್ಟರ್ ರಂಗಪ್ಪ
ಸರಿಯಾಗಿ ಹಿಡಿದಿರಿ ಮಂಜು. ಹೆಸರು ಠಾಣೆಯಲ್ಲಿ, ಕೆಲಸ ಮೇಲಿನ ಕಚೇರಿಯಲ್ಲಿ ಅಥವಾ ಸ್ಪೆಷಲ್ ಟೀಮಿನಲ್ಲಿ. ನಾಲ್ಕು ಜನ ಹಾಗೆ ಹೋದರೆ 13 ಇದ್ದದ್ದು 9 ಆಗುತ್ತದೆ, ದಿನಕ್ಕೆ ಸಿಗುವವರು ಆರೇ. ತಿಂಗಳಿಗೊಮ್ಮೆ ಓಓಡಿ ಪಟ್ಟಿ ಬರೆದು ಕಳಿಸಬೇಕು: ಯಾರು, ಯಾವ ತಾರೀಖಿನಿಂದ, ಯಾರ ಮೌಖಿಕ ಅಥವಾ ಲಿಖಿತ ಆದೇಶದ ಮೇಲೆ, ವಾಪಸ್ ಯಾವಾಗ. ಮೌಖಿಕ ಆದೇಶ ಕಾಗದಕ್ಕೆ ಬಂದ ಮೇಲೆ ಅರ್ಧ ಜನ ವಾಪಸ್ ಬರುವ ಸಾಧ್ಯತೆ ಇದೆ. ಕೇಳದಿದ್ದರೆ ಯಾರೂ ಬರುವುದಿಲ್ಲ.

ಶಿಸ್ತು_ಮೊದಲು
ಎಲ್ಲ ಸರಿ. ಆದರೆ ಪೊಲೀಸ್ ಕೆಲಸ ಬ್ಯಾಂಕ್ ಕೆಲಸ ಅಲ್ಲ. 1861ರ ಪೊಲೀಸ್ ಕಾಯ್ದೆಯ 22ನೇ ಸೆಕ್ಷನ್‌ನಲ್ಲೇ ಇದೆ, ಪೊಲೀಸ್ ಅಧಿಕಾರಿ ಸದಾ ಕರ್ತವ್ಯದಲ್ಲಿದ್ದಾನೆ ಅಂತ. ಸಮವಸ್ತ್ರ ಹಾಕುವಾಗ ಗೊತ್ತಿರಬೇಕು. ಗಲಭೆ ಎಂಟು ಗಂಟೆಗೆ ಮುಗಿಯುತ್ತಾ? ಮೇಲಧಿಕಾರಿ ಗಟ್ಟಿ ಇದ್ದರೇ ಠಾಣೆ ನಡೆಯೋದು.

ಕಾನೂನು_ಕಣ್ಣು
ಆ ಸೆಕ್ಷನ್ ಹೇಳುವುದು ಅಧಿಕಾರ ಮತ್ತು ಹೊಣೆಯ ಮಾತು. ಮಫ್ತಿಯಲ್ಲಿದ್ದರೂ ಕಣ್ಣೆದುರು ಅಪರಾಧ ನಡೆದರೆ "ನನ್ನ ಡ್ಯೂಟಿ ಮುಗಿದಿದೆ" ಅನ್ನುವಂತಿಲ್ಲ, ಅಷ್ಟೆ. ನಿದ್ದೆ ಇಲ್ಲದೆ ಸತತ ನಿಲ್ಲಿಸಿ ಅಂತ ಅದರಲ್ಲಿ ಎಲ್ಲೂ ಇಲ್ಲ.

ಅಂಕಿ_ಅಕ್ಕ
ಶಿಸ್ತು ಅವರೇ, "ಗಲಭೆ" ದಿನಗಳು ವರ್ಷಕ್ಕೆ ಎಷ್ಟು? ಮಾಮೂಲಿ ದಿನಗಳ ಸ್ಥಿತಿ ನೋಡಿ. ಕೇಂದ್ರದ ಪೊಲೀಸ್ ಸಂಶೋಧನಾ ಸಂಸ್ಥೆ ಬಿಪಿಆರ್‌ಡಿಗಾಗಿ ಹೈದರಾಬಾದಿನ ಆಸ್ಕಿ ಸಂಸ್ಥೆಯೊಂದಿಗೆ 2014ರಲ್ಲಿ ಮಾಡಿದ ಅಧ್ಯಯನದಲ್ಲಿ ಠಾಣಾ ಸಿಬ್ಬಂದಿಯ ಶೇ. 90ಕ್ಕೂ ಹೆಚ್ಚು ಮಂದಿ ಎಂಟು ಗಂಟೆ ಮೀರಿ ದುಡಿಯುತ್ತಾರೆ, ಶೇ. 73ಕ್ಕೂ ಹೆಚ್ಚು ಮಂದಿಗೆ ವಾರದ ರಜೆ ತಿಂಗಳಿಗೆ ಒಮ್ಮೆಯೂ ದಕ್ಕುವುದಿಲ್ಲ ಅಂತ ಬಂತು. ಎಂಟು ಗಂಟೆ ಪಾಳಿ ಮಾಡಲು ಠಾಣೆಗಳ ಮಂಜೂರಾದ ಬಲವನ್ನು 1.68 ಪಟ್ಟು ಮಾಡಬೇಕು ಅಂದರು. 2019ರಲ್ಲಿ ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು ಸಮೀಕ್ಷೆ ಮಾಡಿದಾಗ ಸರಾಸರಿ ದಿನದ ದುಡಿಮೆ 14 ಗಂಟೆ. ಇದು ದೇಶದ ಚಿತ್ರ, ಗಲಭೆಯ ಚಿತ್ರ ಅಲ್ಲ.

ಕರಾವಳಿ ಕಿರಣ
ವಾರಕ್ಕೊಂದು ರಜೆ ಕೊಡಲೇಬೇಕು ಅಂತ ಪೊಲೀಸ್ ಸುಧಾರಣೆಯ 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಅಲ್ವಾ?

ಕಾನೂನು_ಕಣ್ಣು
ಇಲ್ಲ. ಈ ಮಾತು ಎಲ್ಲ ಕಡೆ ಓಡಾಡುತ್ತಿದೆ, ಆದರೆ ಆ ತೀರ್ಪಿನ ಏಳು ನಿರ್ದೇಶನಗಳಲ್ಲಿ ವಾರದ ರಜೆಯೂ ಇಲ್ಲ, ಎಂಟು ಗಂಟೆ ಪಾಳಿಯೂ ಇಲ್ಲ. ರಾಜ್ಯ ಭದ್ರತಾ ಆಯೋಗ, ಡಿಜಿಪಿ ಆಯ್ಕೆ ಮತ್ತು ಎರಡು ವರ್ಷದ ಅವಧಿ, ಎಸ್ಪಿ ಮತ್ತು ಠಾಣಾಧಿಕಾರಿಯಂಥ ಹುದ್ದೆಗಳಿಗೂ ಕನಿಷ್ಠ ಎರಡು ವರ್ಷ, ತನಿಖೆ ಮತ್ತು ಕಾನೂನು-ಸುವ್ಯವಸ್ಥೆ ಬೇರೆ ಮಾಡುವುದು, ವರ್ಗಾವಣೆಗೆ ಪೊಲೀಸ್ ಎಸ್ಟಾಬ್ಲಿಷ್‌ಮೆಂಟ್ ಬೋರ್ಡ್, ದೂರು ಪ್ರಾಧಿಕಾರ, ಕೇಂದ್ರ ಪಡೆಗಳಿಗೆ ರಾಷ್ಟ್ರೀಯ ಭದ್ರತಾ ಆಯೋಗ. ಇವು ಏಳು.

ಆದರೆ ಒತ್ತಡಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಆರು ತಿಂಗಳಿಗೆ ಎತ್ತಂಗಡಿ ಆಗುವ ಪಿಐಗೆ ರೋಸ್ಟರ್ ಸುಧಾರಿಸುವ ವ್ಯವಧಾನ ಎಲ್ಲಿಂದ ಬರಬೇಕು? ಬಂದವರು ತಮ್ಮ ನಂಬಿಕಸ್ತರನ್ನು ಕ್ರೈಂ ಟೀಮಿಗೆ ಹಾಕಿಕೊಳ್ಳುತ್ತಾರೆ, ಉಳಿದವರ ಡ್ಯೂಟಿ ಬದಲಾಗುತ್ತದೆ. ಮತ್ತೊಬ್ಬರು ಬಂದರೆ ಮತ್ತೆ ಅದೇ. ಸಾಹೇಬರ ವರ್ಗಾವಣೆ ಅಂದರೆ ಕೆಳಗಿನ 50 ಮನೆಗಳ ದಿನಚರಿ ಬದಲಾವಣೆ.

ಧಾರವಾಡದ ದೇಸಾಯಿ
ವಾರದ ರಜಾ ಕೊಟ್ಟೀವಿ ಅಂತ ರಿಜಿಸ್ಟರ್‌ನ್ಯಾಗ ಬರದ್ರ ಸಾಕೇನ್ರೀ? ಬೆಂಗಳೂರಾಗ ದುಡಿಯೋ ಪಿಸಿಗಳ ಪೈಕಿ ಭಾಳ ಮಂದಿ ಉತ್ತರ ಕರ್ನಾಟಕದವರು. ವಿಜಯಪುರಕ್ಕ 500 ಕಿ.ಮೀ. ಮ್ಯಾಲ ಆಗ್ತದ. ರಾತ್ರಿ ಹೋಗಿ, ರಾತ್ರಿ ಬರಬೇಕು. ಒಂದ ದಿನದ ರಜಾದಾಗ ಊರ ಮುಟ್ಟಿ ಮಕ್ಕಳ ಮಾರಿ ನೋಡಿ ಬರೂದು ಆಗ್ತದನು? ರೂಮಿನ್ಯಾಗ ಮಲಗಿ ಎದ್ದ ಬರ್ತಾರ.

ಇದಕ್ಕ ಪಿಐ ಕೈಯಾಗ ಪರಿಹಾರ ಐತಿ. ಎರಡ ವಾರದ ರಜಾ ಕೂಡಿಸಿ ಕೊಡ್ರಿ. ಈ ವಾರ ದುಡದ ಮುಂದಿನ ವಾರ ಎರಡ ದಿನ, ಅದಕ್ಕ ಒಂದ ಸಿಎಲ್ ಹಚ್ಚಿದ್ರ ಮೂರ ದಿನ. 50 ಮಂದ್ಯಾಗ ದಿನಕ್ಕ ಏಳ ಮಂದಿ ರಜಾ ಇರೂದು ಹೆಂಗೂ ಇರ್ತದ. ಯಾರ ಜೋಡಿ ಯಾರು ಬದಲಿ ಅಂತ ಅವರ ಅವರ ಮಾತಾಡಿಕೊಂಡ ಬರಕೊಟ್ರ ಸಂಖ್ಯೆ ಒಂದೂ ಕಡಿಮಿ ಆಗೂದಿಲ್ಲ.

ಮಲೆನಾಡ ಮಂಜು
ದೇಸಾಯಿ ಅವ್ರೇ ನೂರಕ್ಕೆ ನೂರು. ಆದ್ರೆ ಹೀಗೆ ಕೂಡಿಸಿದ ರಜೆ ಹಿಂದಿನ ರಾತ್ರಿ ರದ್ದಾಗಬಾರದು. ಟಿಕೆಟ್ ಮಾಡಿಸಿದ ಮೇಲೆ ರದ್ದಾದ್ರೆ ರಜೆ ಕೊಡದೇ ಇರೋದಕ್ಕಿಂತ ಕೆಟ್ಟದು.

ರೋಸ್ಟರ್ ರಂಗಪ್ಪ
ರದ್ದು ಮಾಡಲು ಒಂದು ಕ್ರಮ ಇಟ್ಟುಕೊಳ್ಳಬೇಕು. ಮೊದಲು ಕಚೇರಿ ಕೆಲಸದವರನ್ನು ಎಳೆಯಿರಿ, ಆಮೇಲೆ ಸಮನ್ಸ್ ಟೀಮ್, ಆಮೇಲೆ ಕ್ರೈಂ ಟೀಮ್. ರಜೆಯಲ್ಲಿರುವವರು ಕೊನೆಗೆ. ಈಗ ತಲೆಕೆಳಗಾಗಿ ನಡೆಯುತ್ತಿದೆ, ರಜೆಯವನು ಸುಲಭಕ್ಕೆ ಸಿಗುತ್ತಾನೆ ಅಂತ ಅವನಿಗೇ ಮೊದಲು ಫೋನ್. ರದ್ದಾದ ರಜೆಯನ್ನು 15 ದಿನದೊಳಗೆ ತಾರೀಖು ಹಾಕಿ ವಾಪಸ್ ಕೊಡಬೇಕು, "ನೋಡೋಣ" ಅನ್ನಬಾರದು.

ಸಿಎಲ್‌ಗೆ ಕ್ರಮಸಂಖ್ಯೆ ಇರುವ ಒಂದು ಪುಸ್ತಕ. ಅರ್ಜಿ ಬಂದ ವೇಳೆ ಬರೆಯಬೇಕು, 24 ಗಂಟೆಯೊಳಗೆ ಹೌದು ಅಥವಾ ಇಲ್ಲ, ಇಲ್ಲ ಅಂದರೆ ಕಾರಣ. ಗಣೇಶ, ದೀಪಾವಳಿ, ಯುಗಾದಿ, ರಂಜಾನ್, ಕ್ರಿಸ್‌ಮಸ್‌ಗೆ ಕಳೆದ ವರ್ಷ ಯಾರಿಗೆ ಸಿಕ್ಕಿತ್ತು ಅನ್ನುವ ಪಟ್ಟಿ ಗೋಡೆಯ ಮೇಲಿರಲಿ. ರೈಟರ್ ಹತ್ತಿರ ಸಲುಗೆ ಇದ್ದವನಿಗೆ ರಜೆ ಅನ್ನುವ ಮಾತು ಅಲ್ಲಿಗೆ ನಿಲ್ಲುತ್ತದೆ.

ನಿದ್ರೆ_ವೈದ್ಯ
ಪಾಳಿಯ ಗಂಟೆಗಳಷ್ಟೇ ಅಲ್ಲ, ಪಾಳಿ ತಿರುಗುವ ದಿಕ್ಕೂ ಮುಖ್ಯ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಹೀಗೆ ಮುಂದಕ್ಕೆ ತಿರುಗಿಸಿದರೆ ದೇಹ ಹೊಂದಿಕೊಳ್ಳುವುದು ಸುಲಭ. ರಾತ್ರಿಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಗ್ಗೆಗೆ ಹಿಂದಕ್ಕೆ ತಿರುಗಿಸಿದರೆ ಕಷ್ಟ. ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಬಿಡುವು, ಸತತ ಮೂರಕ್ಕಿಂತ ಹೆಚ್ಚು ನೈಟ್ ಬೇಡ, ಕೊನೆಯ ನೈಟ್ ಇಳಿದ ಮೇಲೆ ಎರಡು ರಾತ್ರಿ ಮನೆಯ ನಿದ್ದೆ. 6-2, 2-10, 10-6 ಪಾಳಿಯಲ್ಲಿ ಇದನ್ನೆಲ್ಲ ಹೊಂದಿಸಬಹುದು.

ಇದನ್ನು ಕೆಡಿಸುವುದು ಯಾವುದು ಗೊತ್ತೇ? ಬೆಳಗ್ಗೆ ಆರಕ್ಕೆ ನೈಟ್ ಇಳಿದವನನ್ನು ಎಂಟರ ರೋಲ್ ಕಾಲ್‌ಗೆ ನಿಲ್ಲಿಸುವುದು, ಹನ್ನೊಂದಕ್ಕೆ ಕೋರ್ಟ್ ಸಾಕ್ಷಿಗೆ ಕಳಿಸುವುದು. ಸಾಕ್ಷಿ ಸಮನ್ಸ್ ಮುಂಚೆಯೇ ಬಂದಿರುತ್ತದೆ. ಕೋರ್ಟ್ ಪಿಸಿ ವಾರದ ಸಾಕ್ಷಿ ಪಟ್ಟಿಯನ್ನು ಶನಿವಾರವೇ ರೈಟರ್‌ಗೆ ಕೊಟ್ಟರೆ ಆ ಹಿಂದಿನ ರಾತ್ರಿ ಅವನಿಗೆ ನೈಟ್ ಬೀಳುವುದಿಲ್ಲ. ಒಂದು ರೂಪಾಯಿ ಖರ್ಚಿಲ್ಲದ ಕೆಲಸ ಇದು.

ಸತತ 17 ಗಂಟೆ ಎಚ್ಚರ ಇದ್ದವರ ಪ್ರತಿಕ್ರಿಯಾ ವೇಗ, ರಕ್ತದಲ್ಲಿ ಶೇ. 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಿಂದಲೂ ಪ್ರಯೋಗಗಳು ತೋರಿಸಿವೆ. ನಮ್ಮಲ್ಲಿ ವಾಹನ ಚಾಲಕರಿಗೆ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅಂದರೆ 0.03. ಗಸ್ತು ವಾಹನದ ಚಾಲಕನನ್ನು 17 ಗಂಟೆ ದುಡಿಸುವುದು ಆ ಮಿತಿಯನ್ನು ದಾಟಿದ ಸ್ಥಿತಿಯಲ್ಲಿ ಸ್ಟೇರಿಂಗ್ ಕೊಟ್ಟ ಹಾಗೆ. ಅವನಷ್ಟೇ ಅಲ್ಲ, ರಸ್ತೆಯಲ್ಲಿರುವವರಿಗೂ ಅಪಾಯ.

ಶಿಸ್ತು_ಮೊದಲು
ನಿದ್ದೆಯ ಮಾತು ಒಪ್ಪುತ್ತೇನೆ. ಆದರೆ ಗದರುವುದೇ ತಪ್ಪು ಅನ್ನುವ ಹಾಗೆ ಮಾತಾಡಬೇಡಿ. ಮೆಮೊ (ವಿವರಣೆ ಕೇಳುವ ನೋಟಿಸ್) ಇಲ್ಲದೆ ಇಲಾಖೆ ನಡೆಯಲ್ಲ.

ಅಂಕಿ_ಅಕ್ಕ
ಗಟ್ಟಿ ಅಧಿಕಾರಿ ಬೇರೆ, ಯಾವಾಗ ಏನು ಮಾಡುತ್ತಾರೋ ಗೊತ್ತಾಗದ ಅಧಿಕಾರಿ ಬೇರೆ. ಗಟ್ಟಿಯವರ ಕೆಳಗೆ ಜನ ದುಡಿಯುತ್ತಾರೆ. ಇಂದು ಸರಿ ಅಂದದ್ದಕ್ಕೆ ನಾಳೆ ಮೆಮೊ ಕೊಡುವವರ ಕೆಳಗೆ ಯಾರೂ ಸ್ವಂತ ಬುದ್ಧಿಯಿಂದ ಒಂದು ಹೆಜ್ಜೆ ಇಡುವುದಿಲ್ಲ.

2006ರಲ್ಲಿ ಮೆಕ್‌ಕ್ರೀರಿ ಮತ್ತು ಥಾಂಪ್ಸನ್ ಎನ್ನುವವರು ಪೊಲೀಸ್ ಒತ್ತಡ ಅಳೆಯಲು ಎರಡು ಪ್ರಶ್ನಾವಳಿ ಮಾಡಿದರು, ತಲಾ 20 ಅಂಶ, ಒಂದರಿಂದ ಏಳರವರೆಗೆ ಅಂಕ. ಒಂದು ಬೀದಿಯ ಕೆಲಸದ ಒತ್ತಡಕ್ಕೆ, ಇನ್ನೊಂದು ಇಲಾಖೆಯೊಳಗಿನ ಒತ್ತಡಕ್ಕೆ. ಎರಡನೆಯದರಲ್ಲಿ ಇರುವುದೇನು ನೋಡಿ: ಒಬ್ಬೊಬ್ಬರಿಗೆ ಒಂದೊಂದು ನಿಯಮ ಅನ್ನಿಸುವುದು, ಮೇಲಧಿಕಾರಿಯ ನಡೆಯಲ್ಲಿ ಹೊಂದಾಣಿಕೆ ಇಲ್ಲದಿರುವುದು, ತಪ್ಪನ್ನಷ್ಟೇ ಎತ್ತಿ ಹೇಳುವುದು, ಸಿಬ್ಬಂದಿ ಕೊರತೆ, ಕಾಯಿಲೆ ಬಿದ್ದರೆ ಸಹೋದ್ಯೋಗಿಗಳೇ ಕೀಳಾಗಿ ಕಾಣುವುದು. ಕಳ್ಳ, ರೌಡಿ, ಹೆಣ ಇವೆಲ್ಲ ಮೊದಲನೆಯ ಪಟ್ಟಿಯ ಕಡೆಗೆ. ಹಲವು ದೇಶಗಳ ಅಧ್ಯಯನಗಳಲ್ಲಿ ಎರಡನೆಯ ಪಟ್ಟಿಯೇ ಹೆಚ್ಚು ಕಾಡುವುದು ಕಂಡಿದೆ.

ಧಾರವಾಡದ ದೇಸಾಯಿ
ಅತ್ತಿ ಮ್ಯಾಲಿನ ಸಿಟ್ಟು ಕೊತ್ತಿ ಮ್ಯಾಲ. ಎಸ್ಪಿ ವಿಡಿಯೊ ಕಾನ್ಫರೆನ್ಸಿನ್ಯಾಗ ಡಿವೈಎಸ್‌ಪಿಗೆ ಬೈತಾರ, ಡಿವೈಎಸ್‌ಪಿ ಪಿಐಗೆ, ಪಿಐ ಪಿಎಸ್‌ಐಗೆ, ಕಡೀಕ ಪಿಸಿ ರಸ್ತೆ ಮ್ಯಾಲ ಹೆಲ್ಮೆಟ್ ಇಲ್ಲದ ಹುಡುಗನ ಮ್ಯಾಲ. ಠಾಣೆಗೆ ದೂರು ಕೊಡಾಕ ಬಂದ ಬಡವರು ಅದನ್ನ ಉಣ್ಣಬೇಕಾಗ್ತದ.

ಸಾಮಾನ್ಯ_ನಾಗರಿಕ
ಅದೇ ನನ್ನ ಪ್ರಶ್ನೆ. ಒತ್ತಡ ಅಂತ ಹೇಳಿ ಜನರ ಮೇಲೆ ಕೈ ಮಾಡುವುದನ್ನು ಒಪ್ಪಬೇಕಾ?

ಕಾನೂನು_ಕಣ್ಣು
ಒಪ್ಪಬೇಕಾಗಿಲ್ಲ, ಒಪ್ಪಬಾರದು. ಕೈ ಮಾಡಿದವನ ಮೇಲೆ ಕ್ರಮ ಆಗಲಿ. ಜೊತೆಗೆ ಅವನನ್ನು ಸತತ ಎಷ್ಟು ಗಂಟೆ ನಿಲ್ಲಿಸಲಾಗಿತ್ತು ಅನ್ನುವುದೂ ವಿಚಾರಣೆಯ ಕಡತದಲ್ಲಿ ಬರಲಿ, ಪಟ್ಟಿ ಹಾಕಿದವರೂ ಉತ್ತರ ಕೊಡಲಿ. ಈಗ ಆಗುತ್ತಿರುವುದು ಬೇರೆ. ಟಿವಿಯಲ್ಲಿ ಸುದ್ದಿ ಬಂದ ಸಂಜೆಯೇ ಅಮಾನತು, ಅರ್ಧ ಸಂಬಳದ ಜೀವನಾಧಾರ ಭತ್ಯೆ, ಇಲಾಖಾ ವಿಚಾರಣೆ ವರ್ಷಗಟ್ಟಲೆ, ಬಡ್ತಿಯ ತೀರ್ಮಾನ ಅಲ್ಲಿಯವರೆಗೆ ಮುಚ್ಚಿದ ಲಕೋಟೆಯಲ್ಲಿ. ತಪ್ಪಿಲ್ಲ ಅಂತ ತೀರ್ಮಾನವಾಗುವ ಹೊತ್ತಿಗೆ ಮನೆ ಅರ್ಧ ಮುರಿದಿರುತ್ತದೆ. ವಿಚಾರಣೆ ಬೇಗ ಮುಗಿದರೆ ತಪ್ಪು ಮಾಡಿದವನಿಗೂ ಶಿಕ್ಷೆ ಬೇಗ, ಮಾಡದವನಿಗೂ ಬಿಡುಗಡೆ ಬೇಗ.

ಮಲೆನಾಡ ಮಂಜು
ವಾಟ್ಸ್‌ಆ್ಯಪ್ ಗ್ರೂಪ್ ಬಗ್ಗೆ ಯಾರೂ ಮಾತಾಡಿಲ್ಲ. ರಾತ್ರಿ 11.40ಕ್ಕೆ "ಬೆಳಗ್ಗೆ 5ಕ್ಕೆ ಹಾಜರ್". ಮಲಗಿದವನಿಗೆ ಗೊತ್ತಾಗಲ್ಲ, ಬೆಳಗ್ಗೆ ಮೆಮೊ. ಹಾಗಾಗಿ ಯಾರೂ ಫೋನ್ ಪಕ್ಕಕ್ಕಿಟ್ಟು ಮಲಗಲ್ಲ.

ರೋಸ್ಟರ್ ರಂಗಪ್ಪ
ಪಿಐ ಮಾಡಬಹುದಾದ್ದು: ಮರುದಿನದ ಡ್ಯೂಟಿ ಸಂಜೆ 6ಕ್ಕೆ ಮುಂಚೆ, ಒಂದೇ ಗ್ರೂಪಿನಲ್ಲಿ, ಪಟ್ಟಿ ಹಾಕುವವರು ಒಬ್ಬರೇ. ರಾತ್ರಿ 10ರ ಮೇಲೆ ಬದಲಾವಣೆ ಇದ್ದರೆ ಎಸ್‌ಎಚ್‌ಓ ಟೇಬಲ್‌ನಿಂದ ಆ ವ್ಯಕ್ತಿಗೆ ಮಾತ್ರ ಫೋನ್, ಠಾಣಾ ದಿನಚರಿ ಎಸ್‌ಎಚ್‌ಡಿಯಲ್ಲಿ ನಮೂದು. ಗ್ರೂಪಿನಲ್ಲಿ ಸಂದೇಶ ನೋಡಲಿಲ್ಲ ಅನ್ನುವ ಕಾರಣಕ್ಕೆ ಮೆಮೊ ಇಲ್ಲ. ಇನ್ನೊಂದು, ವೈರ್‌ಲೆಸ್ ಸೆಟ್‌ನಲ್ಲಿ ಹೆಸರು ಹಿಡಿದು ಬೈಯುವುದು ನಿಲ್ಲಬೇಕು. ಇಡೀ ಉಪವಿಭಾಗ ಕೇಳಿಸಿಕೊಳ್ಳುತ್ತದೆ. ಬೈಯುವುದಿದ್ದರೆ ಚೇಂಬರಿಗೆ ಕರೆಸಿ, ಬಾಗಿಲು ಹಾಕಿ ಬೈಯಿರಿ.

ತನಿಖೆ_ತಮ್ಮಯ್ಯ
ತನಿಖಾಧಿಕಾರಿಗಳ ಪಾಡು ಬೇರೆಯೇ. 2024ರ ಜುಲೈ 1ರಿಂದ ಹೊಸ ಕಾನೂನು ಬಂತು. ಸಿಆರ್‌ಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ನಾಗರಿಕ ಸುರಕ್ಷಾ ಸಂಹಿತೆ) 105ರ ಪ್ರಕಾರ ಶೋಧ, ಜಪ್ತಿಗೆ ಆಡಿಯೊ-ವಿಡಿಯೊ ಚಿತ್ರೀಕರಣ. ಏಳು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಪ್ರಕರಣಗಳಿಗೆ 176(3)ರ ಪ್ರಕಾರ ವಿಧಿವಿಜ್ಞಾನ ತಜ್ಞರ ಭೇಟಿ. ತನಿಖೆಯ ಪ್ರಗತಿಯನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ಎಲ್ಲ ಒಳ್ಳೆಯದೇ, ನ್ಯಾಯಕ್ಕೆ ಬೇಕಾದ್ದೇ. ಆದರೆ ಜಪ್ತಿಗೆ ಇಬ್ಬರು ಹೋಗುತ್ತಿದ್ದಲ್ಲಿ ಈಗ ಮೂವರು ಬೇಕು: ಒಬ್ಬರು ಮಹಜರ್ ಬರೆಯಲು, ಒಬ್ಬರು ಚಿತ್ರೀಕರಣಕ್ಕೆ, ಒಬ್ಬರು ಸ್ಥಳ ಕಾಯಲು. ನೆಟ್‌ವರ್ಕ್ ಇಲ್ಲದ ಕಡೆ ಅಪ್‌ಲೋಡ್ ಆಗದೆ ವಾಪಸ್ ಬಂದು ಕೂರಬೇಕು.

ಇದರ ಮಧ್ಯೆ ಅದೇ ಪಿಎಸ್‌ಐಗೆ ಸಂಜೆ ಸಭೆಯ ಬಂದೋಬಸ್ತ್. ಆರೋಪಪಟ್ಟಿ ಸಲ್ಲಿಸುವ 60 ಅಥವಾ 90 ದಿನದ ಗಡುವು ತಪ್ಪಿದರೆ ಆರೋಪಿಗೆ ಜಾಮೀನು, ತನಿಖಾಧಿಕಾರಿಗೆ ಮೆಮೊ. ಪ್ರತಿ ತನಿಖಾಧಿಕಾರಿಗೆ ವಾರದಲ್ಲಿ ಎರಡು ದಿನ ಬಂದೋಬಸ್ತಿನಿಂದ ವಿನಾಯಿತಿ ಕೊಡಲಿ. ಗೋಡೆಯ ಮೇಲೆ ಒಂದು ಪಟ್ಟಿ: ಅಪರಾಧ ಸಂಖ್ಯೆ, ಬಂಧನದ ದಿನ, 60ರ ಗಡುವಿನದಾದರೆ 45ನೇ ದಿನದ ತಾರೀಖು, 90ರದಾದರೆ 75ನೇ ದಿನದ ತಾರೀಖು. ಆ ದಿನ ಪಿಐ ಖುದ್ದಾಗಿ ಕಡತ ನೋಡಬೇಕು. ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ, ಗಾಯದ ಪ್ರಮಾಣಪತ್ರ ಯಾವುದು ಬಾಕಿ ಅಂತ ಅಲ್ಲೇ ಗೊತ್ತಾಗುತ್ತದೆ. 58ನೇ ರಾತ್ರಿ ಎಲ್ಲರನ್ನೂ ಕೂರಿಸಿ ಟೈಪ್ ಮಾಡಿಸುವುದು ತಪ್ಪುತ್ತದೆ.

ಕರಾವಳಿ ಕಿರಣ
ರಂಗಪ್ಪ ಸರ್, ರಾತ್ರಿ ವೈರ್‌ಲೆಸ್ ಮತ್ತು ಎಸ್‌ಎಚ್‌ಓ ಟೇಬಲ್ ಒಂದು ಮಾಡಿದ್ರೆ ಆಗಲ್ವಾ? ಒಂದು ನೈಟ್ ಪಾಳಿ ಉಳಿದ್ರೆ 365 ಭಾಗಿಸು 260, 1.4 ಜನ ಉಳೀತಾರೆ.

ತನಿಖೆ_ತಮ್ಮಯ್ಯ
ಲೆಕ್ಕ ಸರಿ, ಆದರೆ ಕೆಲವೇ ಠಾಣೆಗಳಿಗೆ. ರಾತ್ರಿ ದೂರು ಬಂದರೆ ಟೇಬಲ್‌ನವನು ಎಫ್‌ಐಆರ್‌ಗೆ ಕೂರಬೇಕು, ಆಗ ಸೆಟ್ ಯಾರು ಕೇಳುತ್ತಾರೆ? ದೂರುದಾರರು ಹೆಣ್ಣುಮಕ್ಕಳಾದರೆ ಮಹಿಳಾ ಸಿಬ್ಬಂದಿ ಬೇಕು. ಕಳೆದ ಮೂರು ತಿಂಗಳ ಎಸ್‌ಎಚ್‌ಡಿ ತೆಗೆದು ರಾತ್ರಿ 12ರಿಂದ 5ರವರೆಗೆ ಎಷ್ಟು ದೂರು ಬಂದಿದೆ ಅಂತ ಎಣಿಸಿ ಆಮೇಲೆ ತೀರ್ಮಾನ ಮಾಡಲಿ. ಸೆಂಟ್ರಿಯನ್ನು ಮಾತ್ರ ಮುಟ್ಟಬಾರದು, ಲಾಕಪ್‌ನಲ್ಲಿ ಆರೋಪಿ ಇದ್ದರೂ ಇಲ್ಲದಿದ್ದರೂ ಒಳಗೆ ಶಸ್ತ್ರ ಇರುತ್ತದೆ.

ನೀಲಿ_ಸೀರೆ
ಬಂದೋಬಸ್ತ್ ಅಂತ ಎಲ್ಲರೂ ಹೇಳ್ತಿದ್ದೀರಿ, ಶೌಚಾಲಯದ ಮಾತು ಯಾರ ಬಾಯಲ್ಲೂ ಬಂದಿಲ್ಲ. ರಸ್ತೆ ಪಾಯಿಂಟ್‌ನಲ್ಲಿ ಹತ್ತು ಗಂಟೆ ನಿಲ್ಲೋ ಮಹಿಳಾ ಪಿಸಿಗಳು ನೀರೇ ಕುಡಿಯಲ್ಲ, ಕುಡಿದರೆ ಎಲ್ಲಿಗೆ ಹೋಗೋದು ಅಂತ. ಮೂತ್ರದ ಸೋಂಕು, ತಲೆನೋವು, ಮುಟ್ಟಿನ ದಿನಗಳಲ್ಲಂತೂ ಹೇಳತೀರದು. ಬಂದೋಬಸ್ತ್ ಸ್ಕೀಮ್ ಮಾಡುವಾಗ ಪ್ರತಿ ಪಾಯಿಂಟ್ ಎದುರಿಗೆ ಇನ್ನೊಂದು ಕಾಲಂ ಹಾಕಿ: ಹತ್ತಿರದ ಶೌಚಾಲಯ ಯಾವುದು, ನಡೆದು ಹೋಗುವ ದೂರ ಎಷ್ಟು. ಬ್ಯಾಂಕ್, ಪೆಟ್ರೋಲ್ ಬಂಕ್, ಶಾಲೆ ಯಾವುದಾದರೂ ಸರಿ, ಬೀಟ್ ಪಿಸಿ ಹಿಂದಿನ ದಿನ ಹೋಗಿ ಹೇಳಿ ಬಂದಿರಬೇಕು. 200 ಮೀಟರ್ ಒಳಗೆ ಇಲ್ಲದ ಪಾಯಿಂಟ್‌ಗೆ ಒಬ್ಬರನ್ನು ಹಾಕಲೇಬೇಡಿ, ಇಬ್ಬರನ್ನು ಹಾಕಿ, ಒಬ್ಬರು ಹೋಗಿ ಬರಬಹುದು. ರಾತ್ರಿ 10ಕ್ಕೆ ಪಾಳಿ ಇಳಿಯುವವರನ್ನು ಠಾಣೆ ವಾಹನ ಬಸ್ ನಿಲ್ದಾಣದವರೆಗಾದರೂ ಬಿಡಲಿ.

ಊಟದ ಪೊಟ್ಟಣವೂ ಅಷ್ಟೆ. ಬೆಳಗ್ಗೆ ಒಂಬತ್ತಕ್ಕೆ ಕಟ್ಟಿದ ಚಿತ್ರಾನ್ನ ಮಧ್ಯಾಹ್ನ ಮೂರಕ್ಕೆ ಬಂದರೆ ಹಳಸಿರುತ್ತೆ. ಸಕ್ಕರೆ ಕಾಯಿಲೆ ಇರೋ ಎಎಸ್‌ಐಗಳು ಅಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ನಿಂತರೆ ತಲೆ ಸುತ್ತಿ ಬೀಳ್ತಾರೆ. ಅವರ ಹೆಸರು ಪಟ್ಟಿಯಲ್ಲಿ ಗುರುತು ಮಾಡಿ ಮೊದಲ ಗಾಡಿಯಲ್ಲಿ ಕಳಿಸಿ.

ಅಂಕಿ_ಅಕ್ಕ
ನೀಲಿ ಅವರ ಆ ಕಾಲಂ ಎಲ್ಲ ಜಿಲ್ಲೆಗೂ ಹೋಗಬೇಕು. ಬೆಳಗಾವಿ ಅಧಿವೇಶನ, ಮೈಸೂರು ದಸರಾ ಅಂಥ ಕಡೆ ಬೇರೆ ಜಿಲ್ಲೆಗಳಿಂದ ಬಂದವರಿಗೆ ಊರೇ ಗೊತ್ತಿರುವುದಿಲ್ಲ.

ಸಾಮಾನ್ಯ_ನಾಗರಿಕ
ಹೊಸ ಟೋಪಿ ಬಂತಲ್ಲ, ಅದಾದರೂ ಅನುಕೂಲ ಆಗಿದೆಯಾ? ನೋಡೋಕೆ ಚೆನ್ನಾಗಿದೆ.

ಮಲೆನಾಡ ಮಂಜು
2025ರ ಅಕ್ಟೋಬರ್‌ನಲ್ಲಿ ಸ್ಲೋಚ್ ಹ್ಯಾಟ್ ಹೋಗಿ ಕಡುನೀಲಿ ಪೀಕ್ ಕ್ಯಾಪ್ ಬಂತು. ಹಳೇದು ಗಾಳಿಗೆ ಹಾರೋದು, ಓಡುವಾಗ ಒಂದು ಕೈ ಟೋಪಿ ಮೇಲೇ ಇರ್ಬೇಕಿತ್ತು. ಅದು ತಪ್ಪಿದ್ದು ಸಣ್ಣ ವಿಷಯ ಏನಲ್ಲ. ಆದ್ರೆ ಇಲ್ಲಿ ಮಾತು ಬೇರೆ.

ಕರಾವಳಿ ಕಿರಣ
2025ರ ಜೂನ್ 4, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತ ಇದಕ್ಕೆಲ್ಲ ಉದಾಹರಣೆ. ಹಿಂದಿನ ರಾತ್ರಿ ಆರ್‌ಸಿಬಿಯ ಐಪಿಎಲ್ ಗೆಲುವಿನ ಸಂಭ್ರಮಕ್ಕೆ ಬೀದಿಯಲ್ಲಿ ನಿಂತ ಪೊಲೀಸರು, ಮರುದಿನವೇ ವಿಧಾನಸೌಧ ಮತ್ತು ಕ್ರೀಡಾಂಗಣ. 11 ಜನ ಸತ್ತರು. ಕಮಿಷನರ್ ಸೇರಿ ಅಧಿಕಾರಿಗಳು ಅಮಾನತು. ಜುಲೈನಲ್ಲಿ ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿ (ಸಿಎಟಿ) ಒಬ್ಬ ಅಧಿಕಾರಿಯ ಅಮಾನತು ರದ್ದು ಮಾಡುವಾಗ ಪೊಲೀಸರೂ ಮನುಷ್ಯರೇ, ದೇವರೂ ಅಲ್ಲ ಮಾಂತ್ರಿಕರೂ ಅಲ್ಲ ಅನ್ನುವ ಅರ್ಥದ ಮಾತು ಬರೆಯಿತು.

ಕಾನೂನು_ಕಣ್ಣು
ಸತ್ತವರ ಮನೆಯವರ ನೋವಿನ ಮುಂದೆ ಯಾವ ಅಮಾನತೂ ದೊಡ್ಡದಲ್ಲ, ಅದನ್ನು ಮರೆಯಬಾರದು. ಬಂದೋಬಸ್ತಿಗೆ ಬೇಕಾದ ಸಮಯ ಸಿಗದಿದ್ದರೆ "ಈ ಸಮಯದಲ್ಲಿ ಆಗುವುದಿಲ್ಲ" ಅಂತ ಬರೆದು ಕೊಡುವ ಧೈರ್ಯ ಮೇಲಿನ ಹಂತದಲ್ಲಿ ಇರಬೇಕು, ಹಾಗೆ ಬರೆದವರಿಗೆ ರಕ್ಷಣೆಯೂ ಇರಬೇಕು. ಕೆಳಗಿನವರ ಒತ್ತಡದ ದೊಡ್ಡ ಭಾಗ ಈ ಒಂದು "ಇಲ್ಲ" ಮೇಲಿನಿಂದ ಬಾರದ್ದರಿಂದ ಹುಟ್ಟುತ್ತದೆ.

ಧಾರವಾಡದ ದೇಸಾಯಿ
ಹಂಗಾರ ಸಂಘ ಕಟ್ಟಾಕ ಬಿಡ್ರಿ. 2016ರ ಜೂನ್ 4ಕ್ಕ ಸಾಮೂಹಿಕ ರಜಾ ಅಂತ ಕರೆ ಕೊಟ್ಟಾಗ ಮುಂದಾಳಿನ ಮ್ಯಾಲ ರಾಜದ್ರೋಹದ ಕೇಸು ಹಾಕಿದ್ರು. ಹೇಳಿಕೊಳ್ಳಾಕ ಜಾಗಾನ ಇಲ್ಲಂದ್ರ ಹೆಂಗ?

ಕಾನೂನು_ಕಣ್ಣು
1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ ಅಡ್ಡ ಬರುತ್ತದೆ. ಪೂರ್ತಿ ನಿಷೇಧ ಅಲ್ಲ, ಅನುಮತಿ ಇಲ್ಲದೆ ಕಟ್ಟುವಂತಿಲ್ಲ ಅಂತ. ಕೇರಳದಲ್ಲಿ 1979ರಿಂದ ಪೊಲೀಸ್ ಅಸೋಸಿಯೇಷನ್ ಇದೆ, ಅಲ್ಲಿ ಪಡೆ ಕುಸಿದು ಬಿದ್ದಿಲ್ಲ. ನಮ್ಮಲ್ಲಿ 2016ರ ಆ ಕರೆಯ ಬಳಿಕ ಪೊಲೀಸರ ವೇತನದ ಬಗ್ಗೆ ಔರಾದ್ಕರ್ ಸಮಿತಿ ವರದಿ ಬಂತು, 2019ರಲ್ಲಿ ವೇತನ ಸ್ವಲ್ಪ ಪರಿಷ್ಕರಣೆ ಆಯಿತು. ಪಾಳಿ, ರಜೆಯ ಮಾತು ಹಾಗೇ ಉಳಿಯಿತು.

ಸಂಘ ಇಲ್ಲದಿದ್ದರೂ ಪಿಐ ತಿಂಗಳಿಗೊಂದು ಸಭೆ ಮಾಡಬಹುದು. ಬಂದ ದೂರುಗಳನ್ನು ಬರೆದು, ಮುಂದಿನ ತಿಂಗಳು ಅದೇ ಹಾಳೆಯಿಂದ ಶುರು ಮಾಡಬೇಕು. ಪ್ರಶ್ನಾವಳಿ ಕೊಡುವುದಾದರೆ ಬರೀ ಟಿಕ್ ಗುರುತು ಇರಲಿ, ಬರೆಸಿದರೆ ಕೈಬರಹದಿಂದ ಯಾರು ಅಂತ ಗೊತ್ತಾಗುತ್ತದೆ. ದರ್ಜೆ, ಲಿಂಗ ಕೇಳಬೇಡಿ, ಒಬ್ಬರೇ ಮಹಿಳಾ ಎಎಸ್‌ಐ ಇರುವ ಠಾಣೆಯಲ್ಲಿ ಅದು ಹೆಸರು ಕೇಳಿದ ಹಾಗೇ.

ಅಂಕಿ_ಅಕ್ಕ
ಎಂಟು ಗಂಟೆ ಪಾಳಿ ಆಗದ ಮಾತು ಅನ್ನುವವರಿಗೆ: ಮುಂಬೈಯಲ್ಲಿ 2016ರ ಮೇ ತಿಂಗಳಲ್ಲಿ ದೇವನಾರ್ ಠಾಣೆಯಲ್ಲಿ ಪ್ರಯೋಗ ಶುರುವಾಯಿತು. ಯೋಜನೆ ಕೊಟ್ಟವರು ಒಬ್ಬ ಕಾನ್‌ಸ್ಟೆಬಲ್, ಕೇಳಿಸಿಕೊಂಡವರು ಆಗಿನ ಕಮಿಷನರ್ ದತ್ತಾ ಪಡಸಲಗೀಕರ್. ಆಮೇಲೆ ಬೇರೆ ಠಾಣೆಗಳಿಗೂ ಹೋಯಿತು. ಆ ಯೋಜನೆಯನ್ನು ಕಮಿಷನರ್ ತನಕ ತಲುಪಲು ಬಿಟ್ಟದ್ದೇ ನಾಯಕತ್ವ.

ನಿದ್ರೆ_ವೈದ್ಯ
ಒಂದು ಗಂಭೀರ ವಿಷಯ ಬಿಟ್ಟುಹೋಗಿದೆ, ಆತ್ಮಹತ್ಯೆ. 2016ರ ಜುಲೈನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಡಿವೈಎಸ್‌ಪಿಗಳನ್ನು ರಾಜ್ಯ ಕಳೆದುಕೊಂಡಿತು. ಶಸ್ತ್ರ ಕೈಗೆಟಕುವ ಕೆಲಸ ಇದು, ಹಾಗಾಗಿ ಸುಳಿವುಗಳನ್ನು ಹಗುರವಾಗಿ ತಗೊಳ್ಳಬಾರದು. ಸದಾ ಸಮಯಕ್ಕೆ ಬರುವವನು ಗೈರಾಗುವುದು, ಕುಡಿತ ಹೆಚ್ಚುವುದು, ಜೊತೆಯವರೊಂದಿಗೆ ಊಟ ಬಿಡುವುದು, "ನಾನಿಲ್ಲದಿದ್ದರೆ ಒಳ್ಳೆಯದು" ಅನ್ನುವ ಮಾತು.

ಹಾಗೆ ಕಂಡಾಗ ಮೆಮೊ ಕೊಡಬೇಡಿ. ಕೂರಿಸಿ ನೇರವಾಗಿ ಕೇಳಿ, ಸಾಯುವ ಯೋಚನೆ ಬರುತ್ತಿದೆಯಾ ಅಂತ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡಬೇಡಿ, ಮನೆಯವರಿಗೆ ತಿಳಿಸಿ. ಶಸ್ತ್ರ ಇರುವ ಡ್ಯೂಟಿಯಿಂದ ಸದ್ದಿಲ್ಲದೆ ಬೇರೆಡೆಗೆ ಬದಲಾಯಿಸಿ, ರೋಲ್ ಕಾಲ್‌ನಲ್ಲಿ ಘೋಷಿಸಬೇಡಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡಬಹುದು, ಹಣ ಇಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರಿರುತ್ತಾರೆ. ದೇಶಕ್ಕೆ ಮಾದರಿಯಾದ ಆ ಕಾರ್ಯಕ್ರಮ ಬೆಳೆದದ್ದೇ ನಮ್ಮ ಬಳ್ಳಾರಿಯ ಪ್ರಯೋಗದಿಂದ.

ನೀಲಿ_ಸೀರೆ
ಹೋಗಲು ಹೆದರುತ್ತಾರೆ ಡಾಕ್ಟ್ರೇ. ಸರ್ವಿಸ್ ಬುಕ್‌ಗೆ ಬರುತ್ತೆ, ಬಡ್ತಿಗೆ ಅಡ್ಡಿ ಆಗುತ್ತೆ ಅಂತ.

ನಿದ್ರೆ_ವೈದ್ಯ
ಮಾನಸಿಕ ಆರೋಗ್ಯ ಸೇವಾ ಕಾಯ್ದೆ 2017ರ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯ. ಕಾಯ್ದೆಯಲ್ಲಿ ಹೇಳಿರುವ ಕೆಲವು ಸಂದರ್ಭ ಬಿಟ್ಟರೆ ವೈದ್ಯರು ಅದನ್ನು ಇಲಾಖೆಗೆ ಕೊಡುವಂತಿಲ್ಲ. ರಜೆ ಅರ್ಜಿಯಲ್ಲಿ "ವೈದ್ಯಕೀಯ ಕಾರಣ" ಅಂದರೆ ಸಾಕು, ಪಿಐ ಅದಕ್ಕಿಂತ ಹೆಚ್ಚು ಕೆದಕಬಾರದು. ಆರೋಗ್ಯ ತಪಾಸಣೆಯ ದಿನ ಬಿಪಿ, ಸಕ್ಕರೆ ಜೊತೆ ನಿದ್ದೆ, ಮನಸ್ಸಿನ ಬಗ್ಗೆಯೂ ಎಲ್ಲರಿಗೂ ಅದೇ ನಾಲ್ಕು ಪ್ರಶ್ನೆ ಕೇಳಿದರೆ ಯಾರೊಬ್ಬರೂ ಪ್ರತ್ಯೇಕವಾಗಿ ಕಾಣುವುದಿಲ್ಲ.

ಶಿಸ್ತು_ಮೊದಲು
ರಜೆ ಪುಸ್ತಕ, ಸಂಜೆ ಆರರ ಪಟ್ಟಿ, ಇವೆರಡನ್ನು ಒಪ್ಪುತ್ತೇನೆ. ಶಿಸ್ತಿಗೆ ಅಡ್ಡ ಬರುವಂಥದ್ದು ಅದರಲ್ಲಿ ಇಲ್ಲ. ಬದಲಿ ರಜೆಯಲ್ಲಿ ಮಾತ್ರ ಒಂದು ತೊಡಕಿದೆ. ಒಪ್ಪಿಕೊಂಡವನು ಬಾರದಿದ್ದರೆ ಹೊಣೆ ಯಾರದು?

ರೋಸ್ಟರ್ ರಂಗಪ್ಪ
ಇಬ್ಬರ ಸಹಿ ಇರುವ ಚೀಟಿ, ಎರಡು ಪ್ರತಿ, ಕನಿಷ್ಠ ಮೂರು ದಿನ ಮುಂಚೆ. ರೈಟರ್ ಡ್ಯೂಟಿ ಪಟ್ಟಿಯಲ್ಲಿ ಹೆಸರು ಬದಲಾಯಿಸಿದ ಕ್ಷಣದಿಂದ ಆ ಪಾಳಿ ಬದಲಿಯಾದವನದು, ಗೈರಾದರೆ ಉತ್ತರವೂ ಅವನದು. ಊರಿಗೆ ಹೋದವನನ್ನು ಕರೆಯುವಂತಿಲ್ಲ. ಒಂದೇ ದರ್ಜೆಯವರ ನಡುವೆ ಮಾತ್ರ ಬದಲಿ, ಚಾಲಕನಿಗೆ ಚಾಲಕನೇ, ಮಹಿಳಾ ಪಾಯಿಂಟ್‌ಗೆ ಮಹಿಳೆಯೇ. ಹಿರಿಯ ಹೆಚ್‌ಸಿ ಕಿರಿಯ ಪಿಸಿಯಿಂದ ಒತ್ತಾಯದಿಂದ ಸಹಿ ಹಾಕಿಸಿಕೊಳ್ಳದಂತೆ ಒಬ್ಬರಿಗೆ ತಿಂಗಳಿಗೆ ಎರಡೇ ಬದಲಿ ಅಂತ ಮಿತಿ ಇಡಿ.